ನಮ್ಮ ಕ್ಲಾಸು ಇನ್ನೂ 1881ರಲ್ಲೇ ಇದೆ ಸರ್: ಒಬ್ಬ ಇತಿಹಾಸ ಮೇಷ್ಟ್ರ ಪ್ರಕರಣ

ಇದು ಶಿವಮೊಗ್ಗ ಜಿಲ್ಲೆಯ ಒಂದು ಬಿ.ಎಡ್. ಕಾಲೇಜಿನಲ್ಲಿ ನಡೆದದ್ದು. ಅಲ್ಲಿ ಇತಿಹಾಸ ಬೋಧನೆ ನೋಡಿಕೊಳ್ಳುತ್ತಿದ್ದ ಪ್ರಾಧ್ಯಾಪಕರನ್ನು ಇಲ್ಲಿ ಮೇಷ್ಟ್ರು ಅಂತಲೇ ಕರೆಯುತ್ತೇನೆ. ನಾನು ಅವರ ಜೊತೆ ಹತ್ತು ವರ್ಷ ಕೆಲಸ ಮಾಡಿದವಳು. ಬರೆಯಲು ಅವರ ಒಪ್ಪಿಗೆ ಇದೆ. ಕಾಲೇಜು, ಶಾಲೆ, ಊರು, ಮನೆ ಯಾವುದರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನುವುದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಬೇರೆ ಕಾಲೇಜುಗಳಲ್ಲಿ ಇದೇ ಕೆಲಸ ಮಾಡುತ್ತಿರುವವರಿಗೆ ಉಪಯೋಗ ಆಗುವುದು ಅದೇ.

ಹಿನ್ನೆಲೆ

ಮೇಷ್ಟ್ರು ಪಿಎಚ್.ಡಿ. ಮಾಡಿದ್ದು ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮೇಲೆ. ಆ ಸಭೆಯ ಕಥೆಯನ್ನು ಮೊದಲೇ ನಾಲ್ಕು ಮಾತಲ್ಲಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರ ಮನೆತನಕ್ಕೆ ವಾಪಸ್ ಕೊಟ್ಟರು. ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ 144 ಜನರ ಸಭೆ ಸೇರಿಸಿದರು. ತಾಲ್ಲೂಕುಗಳಿಂದ ಜಮೀನುಳ್ಳ ರೈತರು, ಜಿಲ್ಲೆಗಳಿಂದ ವರ್ತಕರು ಬಂದಿದ್ದರು. ಇಡೀ ಭಾರತದಲ್ಲಿ ಆಗ ಅಂಥದ್ದು ಇರಲಿಲ್ಲ. ಆದರೆ ಬಂದವರು ಮಾಡಬಹುದಾಗಿದ್ದು ಎರಡೇ ಕೆಲಸ. ದಿವಾನರ ಭಾಷಣ ಕೇಳುವುದು, ತಮ್ಮ ಅಹವಾಲು ಹೇಳಿಕೊಳ್ಳುವುದು. ತೀರ್ಮಾನ ಸರ್ಕಾರದ್ದು. ಹತ್ತು ವರ್ಷದ ಮೇಲೆ, 1891ರಲ್ಲಿ, ಚುನಾವಣೆ ಬಂತು. ಅದೂ ಆಸ್ತಿ, ತೆರಿಗೆ, ಓದು ಇದ್ದವರಿಗೆ. ಸಭೆಗೆ ಕಾನೂನಿನ ಬಲ ಬರಲು 1923 ಆಗಬೇಕಾಯಿತು. ಹೊಸ ತೆರಿಗೆ ಹಾಕುವ ಮುಂಚೆ ಸಭೆಯನ್ನು ಕೇಳಬೇಕು ಎಂದಾಯಿತು, ಹೆಂಗಸರಿಗಿದ್ದ ಅಡ್ಡಿಯನ್ನೂ ಆಗಲೇ ತೆಗೆದರು. ಕೇಳಿಸಿಕೊಳ್ಳುವ ಸಭೆಯೊಂದು ಕೇಳುವ ಸಭೆಯಾಗಲು ನಲವತ್ತೆರಡು ವರ್ಷ ಹಿಡಿಯಿತು. ಈ ನಲವತ್ತೆರಡು ವರ್ಷವೇ ಮೇಷ್ಟ್ರ ಜೀವಮಾನದ ಅಧ್ಯಯನ.

ಅವರು ಮೊದಲು ಎಂ.ಎ. ತರಗತಿಗೆ ಪಾಠ ಮಾಡುತ್ತಿದ್ದರು. ನಲವತ್ತು ದಾಟಿದ ಮೇಲೆ ಬಿ.ಎಡ್. ಕಾಲೇಜಿಗೆ ಬಂದರು. ಹಳೇ ಸಹೋದ್ಯೋಗಿಗಳಿಗೆ ಇದು ಮೇಲಿಂದ ಕೆಳಗೆ ಇಳಿದ ಹಾಗೆ ಕಂಡಿತ್ತು. ಯಾಕೆ ಬಂದಿರಿ ಅಂತ ಒಮ್ಮೆ ಕೇಳಿದೆ. ಉತ್ತರ ಪತ್ರಿಕೆ ತಿದ್ದುವಾಗ ನಡೆದದ್ದು ಹೇಳಿದರು. ಪ್ರಜಾಪ್ರತಿನಿಧಿ ಸಭೆಯ ಪ್ರಶ್ನೆಗೆ ಅರವತ್ತು ಪತ್ರಿಕೆಗಳಲ್ಲಿ ಅದೇ ಆರು ಅಂಶ, ಅದೇ ಕ್ರಮ. ಎಲ್ಲ ಅವರದೇ ನೋಟ್ಸು. ಮರುದಿನ ತರಗತಿಯಲ್ಲಿ, "ಆ 144 ಜನರಲ್ಲಿ ನಿಮ್ಮ ಅಜ್ಜನ ಅಜ್ಜ ಇರಬಹುದಿತ್ತಾ?" ಅಂತ ಕೇಳಿದರಂತೆ. ಯಾರೂ ಬಾಯಿ ಬಿಡಲಿಲ್ಲ. ಈ ಹುಡುಗರೇ ನಾಳೆ ಹೈಸ್ಕೂಲು ಮೇಷ್ಟ್ರಾಗುತ್ತಾರೆ, ಇದೇ ಆರು ಅಂಶ ಬೋರ್ಡಿನ ಮೇಲೆ ಬರೆಯುತ್ತಾರೆ ಅನ್ನಿಸಿತು. ಕೆಟ್ಟಿರುವುದು ಎಲ್ಲಿ ಅಂತ ಗೊತ್ತಾದ ಮೇಲೆ ಅಲ್ಲಿಗೇ ಹೋಗಬೇಕು, ಅಲ್ವಾ ಅಂದರು.

ತೊಡಕು

ಬಿ.ಎಡ್. ಕಾಲೇಜಿನ ಪಾಠ ಬೋಧನೆ ಹೇಗಿರುತ್ತದೆ ಎಂದು ಬಲ್ಲವರಿಗೆ ಗೊತ್ತು. ಪಾಠ ಯೋಜನೆಗೆ ಒಂದು ನಮೂನೆ. ಪೀಠಿಕೆಗೆ ಮೂರು ಪ್ರಶ್ನೆ, ಆಮೇಲೆ ಚಾರ್ಟು, ಕೊನೆಗೆ ಮನೆಗೆಲಸ. ಹಿಂದೆ ಕೂತ ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಷರಾ ಬರೆದು ಸಹಿ ಹಾಕುತ್ತಾರೆ.

ಒಂದು ದಿನ ನಮ್ಮ ಕಾಲೇಜಿನಲ್ಲಿ ಮೇಷ್ಟ್ರಾಗಲು ಕಲಿಯುತ್ತಿದ್ದ ಒಬ್ಬ ಪ್ರಶಿಕ್ಷಣಾರ್ಥಿ ಎಂಟನೇ ತರಗತಿಗೆ ಸಂವಿಧಾನದ ಪಾಠ ಮಾಡುತ್ತಿದ್ದ. ಸಮಾನತೆಯ ಹಕ್ಕು. ಚಾರ್ಟು ಚೆನ್ನಾಗಿತ್ತು, ಧ್ವನಿ ಚೆನ್ನಾಗಿತ್ತು. ಮಕ್ಕಳು ನಲವತ್ತು ನಿಮಿಷ ಕೈ ಕಟ್ಟಿ ಕೂತಿದ್ದರು. ಒಬ್ಬ ಹುಡುಗ ಏನೋ ಕೇಳಲು ಎದ್ದ. "ಕೂತ್ಕೊ, ಕೊನೆಗೆ ಕೇಳುವಿಯಂತೆ" ಅಂದ ಇವನು. ಕೊನೆಗೆ ಗಂಟೆ ಹೊಡೆಯಿತು. ಮೇಷ್ಟ್ರು ಪುಸ್ತಕದಲ್ಲಿ "ಉತ್ತಮ. ಹಂತಗಳನ್ನು ಪಾಲಿಸಲಾಗಿದೆ" ಎಂದು ಬರೆದರು. ರಾತ್ರಿ ನಿದ್ದೆ ಬರಲಿಲ್ಲವಂತೆ. ಆ ಹುಡುಗ ಏನು ಕೇಳಬೇಕೆಂದಿದ್ದ? ಪಾಠ ಮಾಡಿದವನಿಗೂ ಗೊತ್ತಿಲ್ಲ, ಸಹಿ ಹಾಕಿದವರಿಗೂ ಗೊತ್ತಿಲ್ಲ.

ಮೇಷ್ಟ್ರು ಆ ಪ್ರಶಿಕ್ಷಣಾರ್ಥಿಗೆ ಪ್ರಜಾಪ್ರಭುತ್ವದ ಬಗ್ಗೆ ಇಡೀ ಸೆಮಿಸ್ಟರ್ ಪಾಠ ಮಾಡಿದ್ದರು. ಭಾಷಣಕ್ಕೇನೂ ಕೊರತೆ ಇರಲಿಲ್ಲ.

ಮೊದಲು ಮಾಡಿದ್ದು

ಮೇಷ್ಟ್ರು ಪ್ರಶಿಕ್ಷಣಾರ್ಥಿಗಳ ತರಗತಿಗೆ ಒಂದು ಸಮಿತಿ ಮಾಡಿದರು. ಐದು ಜನ, ಚುನಾವಣೆಯಲ್ಲೇ ಗೆದ್ದವರು. ಒಂದು ಅಹವಾಲು ಪುಸ್ತಕ ಇಟ್ಟರು. ಪ್ರತಿ ಶನಿವಾರ ಸಮಿತಿ ಜೊತೆ ಅರ್ಧ ಗಂಟೆ ಕೂರುತ್ತಿದ್ದರು. ನನಗೆ ಬಹಳ ಒಳ್ಳೆಯದು ಅನ್ನಿಸಿತ್ತು. ಪುಸ್ತಕದಲ್ಲಿ ಫ್ಯಾನು, ಬಸ್ಸಿನ ಸಮಯ, ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತು, ಇಂಥವೇ ತುಂಬಿದವು. ಎರಡು ತಿಂಗಳಿಗೆ ಬರೆಯುವವರೇ ಇಲ್ಲ.

ಮೇಷ್ಟ್ರು ತರಗತಿಯಲ್ಲೇ ಕೇಳಿದರು, ಯಾಕೆ ಬರೆಯುತ್ತಿಲ್ಲ ಅಂತ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಹೊಸನಗರದ ಕಡೆಯವಳು, ಜಾಸ್ತಿ ಮಾತಾಡುವವಳಲ್ಲ. "ಬೇಜಾರು ಮಾಡ್ಕೋಬೇಡಿ ಸರ್. ನೀವೇ ಪಾಠ ಮಾಡಿದ್ರಲ್ಲ, ಭಾಷಣ ಕೇಳೋದು, ಅಹವಾಲು ಕೊಡೋದು, ಮನೆಗೆ ಹೋಗೋದು. ನಮ್ಮ ಕ್ಲಾಸು ಇನ್ನೂ 1881ರಲ್ಲೇ ಇದೆ ಸರ್."

ಯಾರೂ ನಗಲಿಲ್ಲ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ, "1923 ಮಾಡಬೇಕು ಅಂದ್ರೆ ಏನು ಕೊಡಬೇಕು?" ಅಂತ ಕೇಳಿದರು. ಅವಳು, "ಅಂಕ ಸರ್" ಅಂದಳು.

ಈ ಪ್ರಕರಣದ ಮೊದಲ ತಿರುವು ಅದು. ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಪಾಠ ಅವಳಿಗೆ ತಲುಪಿತ್ತು. ಎಷ್ಟು ಚೆನ್ನಾಗಿ ತಲುಪಿತ್ತೆಂದರೆ ಪಾಠ ಮಾಡಿದವರಿಗೇ ಅದನ್ನು ತಿರುಗಿಸಿ ಹಿಡಿದಿದ್ದಳು.

ಅಂಕದ ವಿಷಯ

ಬಿ.ಎಡ್.ನಲ್ಲಿ ಅಧಿಕಾರ ಇರುವುದು ಆಂತರಿಕ ಅಂಕದಲ್ಲಿ. ಉಳಿದದ್ದೆಲ್ಲ ಮಾತು. ಮೇಷ್ಟ್ರು ತಮ್ಮ ವಿಷಯದ ಒಂದು ನಿಯೋಜಿತ ಕೆಲಸಕ್ಕಿದ್ದ ಹತ್ತು ಅಂಕವನ್ನು ತರಗತಿಗೆ ಬಿಟ್ಟುಕೊಟ್ಟರು. ಯಾವ ಆಧಾರದ ಮೇಲೆ ಕೊಡಬೇಕು, ಯಾರು ಯಾರಿಗೆ ಕೊಡಬೇಕು ಎಂಬುದನ್ನು ಪ್ರಶಿಕ್ಷಣಾರ್ಥಿಗಳೇ ನಿರ್ಧರಿಸಬೇಕು. ಕಾಲೇಜಿನ ಮುಖ್ಯಸ್ಥರು ಒಪ್ಪಲಿಲ್ಲ. ಕೊನೆಗೆ ಅಂಕಪಟ್ಟಿಗೆ ಸಹಿ ಮೇಷ್ಟ್ರದೇ, ಜವಾಬ್ದಾರಿಯೂ ಅವರದೇ ಎಂದು ಬರೆದುಕೊಟ್ಟ ಮೇಲೆ ಬಿಟ್ಟರು.

ಮೊದಲ ಸಲ ಮೂವತ್ತೆರಡು ಜನಕ್ಕೂ ಹತ್ತಕ್ಕೆ ಹತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ, ನಾನೂ ಸೇರಿ, ಹೇಳಿರಲಿಲ್ವಾ ಅಂದೆವು. ಅಧಿಕಾರ ವಾಪಸ್ ತಗೊಳ್ಳಲು ಅದಕ್ಕಿಂತ ಒಳ್ಳೆ ಕಾರಣ ಸಿಗುತ್ತಿರಲಿಲ್ಲ. ಮೇಷ್ಟ್ರು ತಗೊಳ್ಳಲಿಲ್ಲ. ಅಂಕಪಟ್ಟಿಯನ್ನು ಹಾಗೇ ಕಳಿಸಿದರು. ಮುಂದಿನ ಸಲಕ್ಕೆ ಒಂದೇ ಒಂದು ಬದಲಾವಣೆ ಕೇಳಿದರು. ಅಂಕದ ಪಕ್ಕ ಎರಡು ಸಾಲು ಕಾರಣ ಬರೆಯಬೇಕು, ಅದನ್ನು ತರಗತಿಯಲ್ಲಿ ಓದಬೇಕು. ಅದನ್ನೂ ಮತಕ್ಕೆ ಹಾಕಿದರು, ಪಾಸಾಯಿತು. ಎರಡನೇ ಸಲ ಆರು, ಏಳು, ಎಂಟು ಬರತೊಡಗಿದವು. "ಪಾಠ ಚೆನ್ನಾಗಿತ್ತು, ಆದ್ರೆ ಕಿಟಕಿ ಪಕ್ಕದ ಸಾಲನ್ನು ಒಂದು ಸಲವೂ ನೋಡಲಿಲ್ಲ" ಎಂದು ಒಬ್ಬ ಬರೆದಿದ್ದ. ಇಪ್ಪತ್ತು ವರ್ಷ ಷರಾ ಬರೆದ ನಾವ್ಯಾರೂ ಅಂಥ ಷರಾ ಬರೆದಿರಲಿಲ್ಲ.

ಕಾಗೋಡು

2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸಾಯಿತು. ಶಾಲೆಯಲ್ಲಿ ಇರಬೇಕಾದ ಅವಧಿ ಒಟ್ಟು 20 ವಾರಕ್ಕೆ ಏರಿತು. ಹಾಗಾಗಿ ಒಂದು ದೊಡ್ಡ ಘಟಕವನ್ನೇ ಮಕ್ಕಳ ಜೊತೆ ಮಾಡಬಹುದಿತ್ತು. ಯಾವ ಘಟಕ? ಮೇಷ್ಟ್ರ ಮನಸ್ಸು ಸಹಜವಾಗಿ ಪ್ರಜಾಪ್ರತಿನಿಧಿ ಸಭೆಯ ಮೇಲೆ. ಕೆಲವರು ಈಸೂರು ಅಂದರು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಊರು ತಾನು ಸ್ವತಂತ್ರ ಎಂದು ಸಾರಿ, ಹುಡುಗರನ್ನೇ ಅಮಲ್ದಾರ, ಇನ್ಸ್‌ಪೆಕ್ಟರ್ ಮಾಡಿತ್ತು. ಮರುವರ್ಷ ಐವರನ್ನು ಗಲ್ಲಿಗೇರಿಸಿದರು. ಆದರೆ ಈಸೂರಿನ ಕಥೆ ಪ್ರತಿ ಆಗಸ್ಟ್ ಹದಿನೈದಕ್ಕೆ ಭಾಷಣದಲ್ಲಿ ಬರುತ್ತದೆ. ನಮ್ಮ ಹೊಸನಗರದ ಹುಡುಗಿ ಕಾಗೋಡು ಅಂದಳು. "ಅದನ್ನ ಯಾರೂ ಶಾಲೇಲಿ ಸರಿಯಾಗಿ ಹೇಳಲ್ಲ ಸರ್. ಯಾಕಂದ್ರೆ ಎರಡೂ ಕಡೆಯವರ ಮೊಮ್ಮಕ್ಕಳು ಒಂದೇ ಬೆಂಚಲ್ಲಿ ಕೂತಿರ್ತಾರೆ." ಮತ ಹಾಕಿದಾಗ ಕಾಗೋಡು ಗೆದ್ದಿತು.

ಕಾಗೋಡು ಸಾಗರ ತಾಲ್ಲೂಕಿನ ಊರು. ಅಲ್ಲಿ ಗೇಣಿ ರೈತರ, ಅಂದರೆ ಬೇರೆಯವರ ಜಮೀನನ್ನು ಗುತ್ತಿಗೆಗೆ ಉಳುವವರ, ಜಗಳ ಶುರುವಾಗಿದ್ದು ಅಳತೆಯಿಂದ. ಒಡೆಯರಿಗೆ ಗೇಣಿಯಾಗಿ ಕೊಡುವ ಭತ್ತ ಅಳೆಯುವ ಪಾತ್ರೆ, ಅಂದರೆ ಕೊಳಗ, ದೊಡ್ಡದು ಎಂಬುದು ರೈತರ ದೂರು. ದುಡಿಯುವವರಲ್ಲಿ ದೀವರ ಸಮುದಾಯದವರೇ ಹೆಚ್ಚು. ಅವರನ್ನು ಸಂಘಟಿಸಿದ್ದು ಎಚ್. ಗಣಪತಿಯಪ್ಪ. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ರೈತರು ಗದ್ದೆಗಿಳಿದು ಉಳುವುದು, ಪೊಲೀಸರು ಹಿಡಿದು ಒಯ್ಯುವುದು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಜೂನ್‌ನಲ್ಲಿ ಸಮಾಜವಾದಿಗಳ ರಾಷ್ಟ್ರ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಮರುವರ್ಷದ ಮೊದಲ ಚುನಾವಣೆಯಲ್ಲಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ದೇವರಾಜ ಅರಸು ಅವರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿ ಹೋಯಿತು, ಉಳುವವರು ಜಮೀನಿನ ಹಕ್ಕು ಕೇಳುವ ಅರ್ಜಿ, ಫಾರಂ ನಂಬರ್ 7, ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತರು. ಇಷ್ಟು ಪುಸ್ತಕದಲ್ಲಿ ಸಿಗುತ್ತದೆ.

ತಪ್ಪು ನಡೆದದ್ದು ಎರಡನೇ ದಿನ. ಒಂಬತ್ತನೇ ತರಗತಿಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಉತ್ಸಾಹದಲ್ಲಿ ಕೇಳಿಬಿಟ್ಟ. "ನಿಮ್ಮಲ್ಲಿ ಯಾರ ಮನೆ ಗೇಣಿ ಮಾಡ್ತಿತ್ತು? ಯಾರದು ಜಮೀನು ಒಡೆಯರ ಮನೆ?" ಮೊದಲನೆಯದಕ್ಕೆ ಹತ್ತಾರು ಕೈ ಎದ್ದವು. ಎರಡನೆಯದಕ್ಕೆ ಒಬ್ಬಳೇ ಹುಡುಗಿ. ಅರ್ಧ ಎತ್ತಿದ ಕೈ ಕೆಳಗಿಳಿಸಿದಳು. ಇಡೀ ತರಗತಿ ತಿರುಗಿ ಅವಳನ್ನು ನೋಡಿತು. ಮರುದಿನ ಅವಳ ತಂದೆ ಶಾಲೆಗೆ ಬಂದರು. ಜಾತಿ ಜಗಳ ಹಚ್ಚಲು ಕಾಲೇಜಿನವರನ್ನು ಕರೆಸಿದ್ದೀರಾ ಅಂತ ಮುಖ್ಯೋಪಾಧ್ಯಾಯರಿಗೆ ಕೇಳಿದರು. ಮುಖ್ಯೋಪಾಧ್ಯಾಯರು ನಮ್ಮನ್ನು ಕರೆದು, ನೀವೇ ಏನಾದರೂ ತೀರ್ಮಾನ ಮಾಡಿ ಅಂದರು.

ಮೇಷ್ಟ್ರ ನಿಲುವು ಸ್ಪಷ್ಟವಾಗಿತ್ತು. ಪಾಠ ಮುಂದುವರಿಸಬೇಕು. ಚರಿತ್ರೆಯನ್ನು ಯಾರೋ ಬೇಜಾರು ಮಾಡಿಕೊಂಡರು ಅಂತ ನಿಲ್ಲಿಸಿದರೆ ಆಮೇಲೆ ಯಾವ ಪಾಠವೂ ಉಳಿಯುವುದಿಲ್ಲ ಅಂದರು. ಅವರ ಮಾತಿನಲ್ಲಿ ನನಗೂ ತಪ್ಪು ಕಾಣಲಿಲ್ಲ. ಪ್ರಶಿಕ್ಷಣಾರ್ಥಿಗಳು ಸಂಜೆ ಶಾಲೆಯ ಜಗಲಿಯಲ್ಲಿ ಸಭೆ ಸೇರಿದರು. ಅವರು ಬೇರೆ ಪ್ರಶ್ನೆ ತಗೊಂಡರು. ತಪ್ಪಿದ್ದು ಪಾಠವೋ, ನಾವು ಕೇಳಿದ ರೀತಿಯೋ? ಒಂದು ವಾರ ಪಾಠ ನಿಲ್ಲಿಸಿ, ಮೊದಲು ಆ ಮನೆಗೆ ಹೋಗಬೇಕು ಅಂತ ಒಬ್ಬರು ಸೂಚಿಸಿದರು. ಪರ 19, ವಿರೋಧ 13. ಮೇಷ್ಟ್ರದೂ ಒಂದು ಮತ ಆ ಹದಿಮೂರರಲ್ಲಿ. ಒಬ್ಬರು ಬಂದಿರಲಿಲ್ಲ. ನಿರ್ಣಯ ಪುಸ್ತಕ ಈಗಲೂ ಇದೆ. ಕೆಳಗೆ ಮೇಷ್ಟ್ರ ಸಹಿ ಇದೆ. ಸೋತ ಪ್ರಸ್ತಾಪದವರು ಗೆದ್ದ ನಿರ್ಣಯಕ್ಕೆ ಹಾಕಿದ ಸಹಿ.

ಅವರು ಬೇಕಿದ್ದರೆ ತಳ್ಳಿಹಾಕಬಹುದಿತ್ತು. ಘಟಕದ ಜವಾಬ್ದಾರಿ ಅವರದೇ. ಹಾಗೆ ಮಾಡಿದ್ದರೆ ಎರಡು ವರ್ಷದ ಕೆಲಸ ಅಲ್ಲೇ ಮುಗಿಯುತ್ತಿತ್ತು ಎಂದು ನನ್ನ ಖಚಿತ ನಂಬಿಕೆ.

ಎರಡು ಮನೆ

ನಾಲ್ವರು ಪ್ರಶಿಕ್ಷಣಾರ್ಥಿಗಳು, ಮೇಷ್ಟ್ರು, ನಾನು ಹೋದೆವು. ತೋಟದ ನಡುವೆ ಹಳೇ ಮನೆ. ಹುಡುಗಿಯ ತಂದೆ ಮಾತಾಡಲಿಲ್ಲ, ಬಾಗಿಲಲ್ಲಿ ನಿಂತೇ ಇದ್ದರು. ಜಗಲಿಯ ಮೇಲೆ ಅಜ್ಜಿ ಅಡಿಕೆ ಸುಲಿಯುತ್ತಿದ್ದರು. ಪ್ರಶ್ನೆ ಕೇಳಿದ ಹುಡುಗ ಮೊದಲು ತಪ್ಪಾಯಿತು ಅಂದ. ಅಜ್ಜಿ ಕತ್ತಿ ಬದಿಗಿಟ್ಟು, "ಕೂತ್ಕೊಳ್ಳಿ, ನೀರು ಬೆಲ್ಲ ತಗೊಳ್ಳಿ" ಅಂದರು.

ಅವರು ಹೇಳಿದ ಕಥೆ ನಮ್ಮ ಪಾಠ ಯೋಜನೆಯಲ್ಲಿ ಇರಲಿಲ್ಲ. 1951ರಲ್ಲಿ ಅವರು ಇನ್ನೂ ಮಗು, ಬೇರೆ ಊರಿನಲ್ಲಿ. ಮದುವೆಯಾಗಿ ಬಂದ ನಾಲ್ಕೇ ವರ್ಷಕ್ಕೆ ಗಂಡ ತೀರಿಕೊಂಡರು. ಕೈಯಲ್ಲಿ ಮಗು. ಪಾಲಿಗೆ ಬಂದದ್ದು ಎರಡೂವರೆ ಎಕರೆ ಗದ್ದೆ. ಉಳುವವರಿಲ್ಲ, ಗೇಣಿಗೆ ಕೊಟ್ಟರು. 1974 ಬಂತು. ಕಾನೂನಿನಲ್ಲಿ ಸೈನಿಕರಿಗೆ, ಹಡಗಿನಲ್ಲಿ ಕೆಲಸ ಮಾಡುವವರಿಗೆ ರಿಯಾಯಿತಿ ಇತ್ತು. ವಿಧವೆಗೆ ಇರಲಿಲ್ಲ. ನ್ಯಾಯಮಂಡಳಿ ಮುಂದೆ ವಕೀಲರು ನಿಲ್ಲುವ ಹಾಗಿರಲಿಲ್ಲ. "ನಾನೇ ಹೋಗಿ ನಿಂತೆ. ಕೇಳಿದ್ದಕ್ಕೆ ಹೌದು ಅಂದೆ. ಸುಳ್ಳು ಹೇಳಕ್ಕಾಗ್ತದಾ? ಅವನೇ ಉಳ್ತಿದ್ದಿದ್ದು." ಆಮೇಲೆ ಸ್ವಲ್ಪ ತಡೆದು, "ಮಾವನೋರ ಕಾಲದ ಕೊಳಗ ಅಟ್ಟದ ಮೇಲಿದೆ. ಅದು ದೊಡ್ಡದೇ. ಅದಕ್ಕೂ ಸುಳ್ಳು ಹೇಳಲ್ಲ" ಅಂದರು.

ಅದೇ ವಾರ ಇನ್ನೊಂದು ಮನೆಗೂ ಹೋದೆವು. ಎಂಬತ್ತು ದಾಟಿದ ಅಜ್ಜ. ಸತ್ಯಾಗ್ರಹದ ವರ್ಷ ಹದಿನಾಲ್ಕರ ಹುಡುಗ. ಕಣದಲ್ಲಿ ಅಳೆಯುವಾಗ ಕೊಳಗದ ಬಾಯಿಗೆ ಕೋಲು ಎಳೆದು ಮಟ್ಟ ಮಾಡುವುದಕ್ಕೂ, ಮೇಲೆ ಗೋಪುರದ ಹಾಗೆ ಬಿಟ್ಟು ಸುರಿಯುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅಂಗೈ ಕವಿದು ತೋರಿಸಿದರು. "ಅಪ್ಪ ನೋಡ್ತಾ ನಿಂತಿರೋರು. ನೋಡದ್ ಬಿಟ್ರೆ ಬೇರೆ ಎಂತ ಮಾಡಕ್ಕೆ ಬರ್ತಿರ್ಲಿಲ್ಲ."

ಒಂದು ವಾರದ ಮೇಲೆ ಪಾಠ ಮತ್ತೆ ಶುರುವಾಯಿತು. ಈ ಸಲ ಯಾರ ಮನೆ ಯಾವುದು ಅಂತ ಕೇಳಲಿಲ್ಲ. ಅಜ್ಜಿ ಮೊಮ್ಮಗಳ ಕೈಯಲ್ಲಿ ಕೊಳಗ ಕಳಿಸಿದ್ದರು. ಎರಡೂ ಕಥೆ ಹೇಳಬೇಕು ಎಂಬ ಷರತ್ತಿನ ಮೇಲೆ. ಮರದ ಕೊಳಗ, ಬಾಯಿಗೆ ಕಬ್ಬಿಣದ ಪಟ್ಟಿ, ತಳದಲ್ಲಿ ಹುಳ ತಿಂದ ಎರಡು ತೂತು. ತೂತಿಗೆ ಮೇಣ ಹಚ್ಚಿದೆವು. ಇನ್ನೊಂದು ಮನೆಯಿಂದ ಸಣ್ಣ ಕೊಳಗ ಬಂತು. ಶಾಲೆಯ ಜಗಲಿಯಲ್ಲಿ ಗೋಣಿ ಹಾಸಿ ಭತ್ತ ರಾಶಿ ಹಾಕಿದರು. ಅಜ್ಜನೂ ಬಂದಿದ್ದರು. ಒಬ್ಬ ಹುಡುಗ ಅಳೆಯುತ್ತ "ಒಂದು" ಅಂದ. "ಒಂದು ಅನ್ಬಾರ್ದು, ಲಾಭ ಅನ್ಬೇಕು" ಅಂತ ಅಜ್ಜ ತಿದ್ದಿದರು. ಆಮೇಲೆ ಎರಡು, ಮೂರು. ಹಿಂದಿನಿಂದ ಒಂದು ಸಣ್ಣ ಧ್ವನಿ: "ಲಾಭ ಯಾರಿಗೆ ಅಜ್ಜ?"

ಅಜ್ಜ ಉತ್ತರ ಕೊಡಲಿಲ್ಲ. ಸಣ್ಣ ಕೊಳಗದಲ್ಲಿ ಇಪ್ಪತ್ತು ಬಂದ ರಾಶಿ ದೊಡ್ಡ ಕೊಳಗದಲ್ಲಿ ಹದಿನೈದಕ್ಕೆ ಮುಗಿಯಿತು. ಹದಿನೈದು ಕೊಳಗ ಗೇಣಿ ಅಂದರೆ ಮನೆಯಿಂದ ಹೋದದ್ದು ಎಷ್ಟು ಅಂತ ಮಕ್ಕಳೇ ಲೆಕ್ಕ ಹಾಕಿದರು. ಮಧ್ಯಾಹ್ನ ಆ ಹುಡುಗಿ ಎದ್ದು ನಿಂತು ತನ್ನ ಅಜ್ಜಿಯ ಎರಡೂವರೆ ಎಕರೆಯ ಕಥೆ ಓದಿದಳು. ಯಾರೂ ಅವಳನ್ನು ನಿಲ್ಲಿಸಿದ್ದಲ್ಲ, ಅವಳೇ ನಿಂತದ್ದು. ಕಾನೂನು ಸರಿಯಾ ತಪ್ಪಾ ಅಂತ ಮಕ್ಕಳು ವಾದ ಮಾಡಿದರು. ಸರಿ, ಆದರೆ ಅಜ್ಜಿಗೆ ಏನಾದರೂ ಕೊಡಬೇಕಿತ್ತು ಅನ್ನುವಲ್ಲಿಗೆ ಹೆಚ್ಚಿನವರು ಬಂದು ನಿಂತರು. ಕೆಲವರು ಒಪ್ಪಲಿಲ್ಲ.

ಹುಡುಗಿಯ ತಂದೆ ಕೊನೆವರೆಗೂ ನಮ್ಮನ್ನು ಮಾತಾಡಿಸಲಿಲ್ಲ. ಅದನ್ನೂ ಬರೆಯಬೇಕು.

ಆಮೇಲೆ

ಈ ನಡುವೆ ಮೇಷ್ಟ್ರಿಗೆ ಎಂ.ಎ. ವಿಭಾಗಕ್ಕೆ ವಾಪಸ್ ಹೋಗುವ ಅವಕಾಶ ಬಂದಿತ್ತು. ಹೋಗಲಿಲ್ಲ. ಅದರ ಬೆಲೆ ಕಟ್ಟಿದರು. ಬಡ್ತಿಯ ಪಾಯಿಂಟ್ ಲೆಕ್ಕದಲ್ಲಿ ಪ್ರಕಟವಾದ ಪ್ರಬಂಧಕ್ಕೆ ಜಾಗ ಇದೆ. ಹಳ್ಳಿ ಶಾಲೆಯ ಜಗಲಿಯಲ್ಲಿ ಭತ್ತ ಅಳೆದಿದ್ದಕ್ಕೆ ಇಲ್ಲ. ಈ ಕೆಲಸವೂ ಸಂಶೋಧನೆಯೇ ಎಂದು ಒಪ್ಪಿಸಲು ಅವರು ಬರೆದ ಪತ್ರಗಳು ಒಂದು ಫೈಲು ತುಂಬ ಇವೆ. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಅವರಿಗೆ ಬಂದದ್ದನ್ನು ನೋಡಿಲ್ಲ.

ಅವರ ನಿವೃತ್ತಿಯಾದ ಮರುವರ್ಷವೇ ಅಂಕ ಹಂಚುವ ಪದ್ಧತಿ ನಿಂತಿತು. ಒಬ್ಬ ವ್ಯಕ್ತಿ ಬರೆದುಕೊಟ್ಟ ಜವಾಬ್ದಾರಿಯ ಮೇಲೆ ನಿಂತದ್ದು ಆ ವ್ಯಕ್ತಿ ಹೋದ ಮೇಲೆ ಉಳಿಯಲಿಲ್ಲ. 1923ರಲ್ಲಿ ಸಭೆಯ ಹಕ್ಕನ್ನು ಕಾನೂನಿನಲ್ಲೇ ಬರೆದರು, ನಾವು ಕಾಲೇಜಿನ ನಿಯಮದಲ್ಲಿ ಬರೆಸಲಿಲ್ಲ. ಇದನ್ನು ಮಾಡಹೊರಟವರು ಮೊದಲ ವರ್ಷವೇ ಬರೆಸಿಕೊಳ್ಳಿ. ಇನ್ನೊಂದು ವಿಷಯ. ಎರಡು ಮನೆಗೆ ನಾವು ಹೋದದ್ದು ತಪ್ಪಾದ ಮೇಲೆ. ಪಾಠಕ್ಕೆ ಮುಂಚೆ ಹೋಗಿದ್ದರೆ ಆ ಹುಡುಗಿ ಅರ್ಧ ಕೈ ಎತ್ತಿ ಇಳಿಸಬೇಕಾಗಿರಲಿಲ್ಲ. ಅಂಕ ಬಿಟ್ಟುಕೊಟ್ಟವರು ಮೊದಲ ಸಲದ ಹತ್ತಕ್ಕೆ ಹತ್ತನ್ನು ನೋಡಿ ಹೆದರಬೇಡಿ. ನಾವೆಲ್ಲ ಹೆದರಿದ್ದೆವು, ಮೇಷ್ಟ್ರು ಹೆದರದೇ ಇದ್ದದ್ದರಿಂದ ಎರಡನೇ ಸಲ ಅಂತ ಒಂದು ಬಂತು.

ಒಂದು ಚಿಕ್ಕ ಅಂಕಣ ಮಾತ್ರ ಉಳಿದಿದೆ. ನಮ್ಮ ವೀಕ್ಷಣಾ ಪುಸ್ತಕದಲ್ಲಿ ಮೇಷ್ಟ್ರು ಒಂದು ಸಾಲು ಸೇರಿಸಿದ್ದರು: "ಈ ಪಾಠದಲ್ಲಿ ಮಕ್ಕಳು ಕೇಳಿದ ಪ್ರಶ್ನೆ". ಅಚ್ಚಿನಲ್ಲಿ ಬಂದಿರುವುದರಿಂದ ಯಾರೂ ತೆಗೆದಿಲ್ಲ. ಬಹಳ ಪುಸ್ತಕಗಳಲ್ಲಿ ಖಾಲಿ ಇರುತ್ತದೆ. ಹೋದ ತಿಂಗಳು ಒಂದರಲ್ಲಿ ತುಂಬಿತ್ತು. ಕಾಗೋಡಿನ ಪಾಠವೇ. "ಜಾಸ್ತಿ ತಗೊಂಡ ಭತ್ತ ವಾಪಸ್ ಕೊಟ್ರಾ ಟೀಚರ್?" ಅದರ ಕೆಳಗೆ ಪ್ರಶಿಕ್ಷಣಾರ್ಥಿಯ ಕೈಬರಹದಲ್ಲಿ: "ನನಗೆ ಗೊತ್ತಿಲ್ಲ. ಊರಲ್ಲಿ ಕೇಳಿಕೊಂಡು ಬರುತ್ತೇನೆ ಎಂದಿದ್ದೇನೆ."